173, 170: ಪಾರ್ಕಿನ್ಸನ್ ಕಾಯಿಲೆಯ ಗುಟ್ಟು ಬಿಟ್ಟುಕೊಟ್ಟ ಎರಡು ಅಂಕಿಗಳು

ಇವತ್ತಿನ ಕಂತು ಎರಡು ಅಂಕಿಗಳ ಬಗ್ಗೆ. 173 ಮತ್ತು 170. ಬರ್ಕೊಳ್ಳೋದೇನೂ ಬೇಡ, ನಾನೇ ಮತ್ತೆ ಮತ್ತೆ ನೆನಪಿಸ್ತೀನಿ.

1982ರ ಜುಲೈ. ಅಮೆರಿಕದ ಕ್ಯಾಲಿಫೋರ್ನಿಯಾ, ಸ್ಯಾನ್ ಹೋಸೆ ನಗರ. ಜೈಲಿನಲ್ಲಿದ್ದ 42 ವರ್ಷದ ಒಬ್ಬ ವ್ಯಕ್ತಿಯನ್ನು ಆಸ್ಪತ್ರೆಗೆ ಕರೆತಂದರು. ಮಾತಿಲ್ಲ, ಅಲುಗಾಟವಿಲ್ಲ, ಮುಖದಲ್ಲಿ ಯಾವ ಭಾವವೂ ಇಲ್ಲ. ಮನುಷ್ಯ ಕಲ್ಲಾಗಿ ಹೋಗಿದ್ದ. ಮೊದಲು ನೋಡಿದವರು ಇದು ಮಾನಸಿಕ ಕಾಯಿಲೆ ಇರಬೇಕು ಅಂದುಕೊಂಡರು. ನರರೋಗ ತಜ್ಞ ವಿಲಿಯಂ ಲ್ಯಾಂಗ್‌ಸ್ಟನ್ ಮಾತ್ರ ಅವನ ಬೆರಳು ತುಸು ಅಲುಗೋದನ್ನು ಗಮನಿಸಿದರು. ಕೈಗೆ ಒಂದು ಪೆನ್ಸಿಲ್ ಕೊಟ್ಟರು. ಅವನು ಬರೆಯೋಕೆ ಶುರು ಮಾಡಿದ. ತೀರಾ ನಿಧಾನವಾಗಿ, ಒಂದೊಂದೇ ಅಕ್ಷರ. ನನಗೇನಾಗ್ತಿದೆ ಗೊತ್ತಿಲ್ಲ, ಏನು ಮಾಡಬೇಕು ಅಂತ ಮನಸ್ಸಿಗೆ ಗೊತ್ತಿದೆ, ಆದರೆ ಮೈ ಕೇಳ್ತಿಲ್ಲ ಅನ್ನೋದು ಆ ಬರಹದ ಸಾರಾಂಶ. ಅಂದ್ರೆ ಒಳಗಿನ ಮನುಷ್ಯ ಪೂರ್ತಿ ಎಚ್ಚರವಾಗಿದ್ದ.

ಲಕ್ಷಣ ನೋಡಿದರೆ ಪಾರ್ಕಿನ್ಸನ್ ಕಾಯಿಲೆ, ಅದೂ ಹತ್ತಾರು ವರ್ಷ ಹಳೆಯದು ಅನ್ನಿಸುವಷ್ಟು ತೀವ್ರ. ಆದರೆ ಪಾರ್ಕಿನ್ಸನ್ ಸಾಮಾನ್ಯವಾಗಿ ಅರವತ್ತರ ಆಸುಪಾಸಿನಲ್ಲಿ ಬರುವ ಕಾಯಿಲೆ. ಮೊದಲು ಒಂದು ಕೈ ನಡುಗುತ್ತೆ, ನಡಿಗೆ ನಿಧಾನ ಆಗುತ್ತೆ, ವರ್ಷಗಟ್ಟಲೆ ಹಿಡಿಯುತ್ತೆ. ಇವನಿಗೆ ಕೆಲವೇ ದಿನಗಳಲ್ಲಿ ಎಲ್ಲ ಮುಗಿದಿತ್ತು. ಅವನ ಗೆಳತಿಗೂ ಅದೇ ಗತಿ. ಹತ್ತಿರದ ವಾಟ್ಸನ್‌ವಿಲ್ ಊರಿನಲ್ಲಿ ಇಪ್ಪತ್ತರ ಹರೆಯದ ಇಬ್ಬರು ಅಣ್ಣತಮ್ಮಂದಿರು ಹೀಗೇ ಮರಗಟ್ಟಿ ಕೂತಿದ್ದರು. ಕೊನೆಗೆ ಲೆಕ್ಕ ಆರಕ್ಕೆ ಬಂತು. ಆರೂ ಮಂದಿ ಬೀದಿಯಲ್ಲಿ ಹೊಸ ಹೆರಾಯಿನ್ ಅಂತ ಮಾರುತ್ತಿದ್ದ ಪುಡಿಯನ್ನು ಚುಚ್ಚಿಕೊಂಡಿದ್ದರು.

ಆ ಪುಡಿಯಲ್ಲಿ ಏನಿತ್ತು? ಸುದ್ದಿ ಹರಡಿದಾಗ ಒಬ್ಬ ವಿಷವಿಜ್ಞಾನಿಗೆ, ಇಂಥದ್ದೇ ಒಂದು ಪ್ರಕರಣವನ್ನು ಎಲ್ಲೋ ಓದಿದ್ದು ನೆನಪಾಯ್ತು. 1979ರಲ್ಲಿ ಬಂದಿದ್ದ ಒಂದು ಸಣ್ಣ ಪ್ರಬಂಧ. ನಾವು ಆರು ವರ್ಷ ಹಿಂದಕ್ಕೆ, ಅಮೆರಿಕದ ಇನ್ನೊಂದು ತುದಿಗೆ ಹೋಗಬೇಕು.

1976, ಮೇರಿಲ್ಯಾಂಡ್. ರಸಾಯನಶಾಸ್ತ್ರ ಓದುತ್ತಿದ್ದ 23 ವರ್ಷದ ಹುಡುಗ. ಪೆಥಿಡಿನ್ ಗೊತ್ತಲ್ಲ, ಆಸ್ಪತ್ರೆಯಲ್ಲಿ ಕೊಡುವ ಬಲವಾದ ನೋವಿನ ಇಂಜೆಕ್ಷನ್? ಅದರ ದಾಯಾದಿಯಂಥ ಒಂದು ಅಮಲು ಪದಾರ್ಥವನ್ನು ಇವನು ಮನೆಯಲ್ಲೇ ತಯಾರಿಸಿ ಚುಚ್ಚಿಕೊಳ್ಳುತ್ತಿದ್ದ. ಅದರ ಹೆಸರು ಎಂಪಿಪಿಪಿ. ಒಂದು ಸಲ ಅವಸರ ಮಾಡಿ ಹಂತಗಳನ್ನು ಹಾರಿಸಿದ. ಕೆಲವೇ ದಿನಗಳಲ್ಲಿ ಮೈ ಬಿಗಿದು ಹೋಯ್ತು. ಪಾರ್ಕಿನ್ಸನ್ ಔಷಧಿ ಎಲ್-ಡೋಪಾ ಕೊಟ್ಟಾಗ ಮತ್ತೆ ಅಲುಗಾಡಿದ. (ಈ ಎಲ್-ಡೋಪಾವನ್ನು 1937ರಲ್ಲಿ ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ನಮ್ಮ ನಸುಗುನ್ನಿ ಬೀಜದಿಂದಲೂ ಬೇರ್ಪಡಿಸಿದ್ದರು. ಮುಟ್ಟಿದರೆ ತುರಿಕೆ ಬರುತ್ತಲ್ಲ, ಅದೇ ನಸುಗುನ್ನಿ. ಅದು ಬೇರೆಯದೇ ಕಂತಿಗೆ ಆಗುವಷ್ಟು ಕಥೆ.)

ಅವನು ಬಳಸಿದ್ದ ಗಾಜಿನ ಪಾತ್ರೆಗಳಲ್ಲಿ ಅಂಟಿಕೊಂಡಿದ್ದ ಚೂರುಪಾರು ಕೊನೆಗೆ ಬೆಥೆಸ್ಡಾದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸ್ಯಾನ್‌ಫರ್ಡ್ ಮಾರ್ಕಿ ಅವರ ಮುಂದೆ ಬಂತು. ನನ್ನ ಮಟ್ಟಿಗೆ ಈ ಕಂತಿನ ನಾಯಕ ಇವರು. ಇವರ ಪರಿಣತಿ ಮಾಸ್ ಸ್ಪೆಕ್ಟ್ರೋಮೀಟರ್.

ಹಾಗಂದ್ರೆ ಅಣುಗಳನ್ನು ತೂಗುವ ಯಂತ್ರ. ಅಣುವನ್ನು ತಕ್ಕಡಿಯಲ್ಲಿ ಹಾಕೋಕಾಗಲ್ಲ. ಕಣದಲ್ಲಿ ರಾಶಿ ತೂರೋದನ್ನು ನೋಡಿದೀರಾ? ಒಂದೇ ಗಾಳಿ, ಆದರೆ ಹೊಟ್ಟು ದೂರ ಹಾರುತ್ತೆ, ಕಾಳು ಹತ್ತಿರದಲ್ಲೇ ಬೀಳುತ್ತೆ. ಇಲ್ಲೂ ಅಷ್ಟೇ. ಅಣುವಿಗೆ ವಿದ್ಯುದಂಶ ಕೊಟ್ಟು ನಿರ್ವಾತದಲ್ಲಿ ಓಡಿಸ್ತಾರೆ, ಗಾಳಿಯ ಬದಲು ವಿದ್ಯುತ್ ಅಥವಾ ಕಾಂತಕ್ಷೇತ್ರ. ಹಗುರವಾದದ್ದು ಹೆಚ್ಚು ಬಾಗುತ್ತೆ, ಭಾರವಾದದ್ದು ಕಡಿಮೆ. ಎಷ್ಟು ಬಾಗಿತು ಅನ್ನೋದರಿಂದ ತೂಕ ಗೊತ್ತಾಗುತ್ತೆ. ಜೊತೆಗೆ ಅಣು ಒಡೆದು ಚೂರಾಗುವ ರೀತಿಯಿಂದ ಅದರ ಗುರುತೂ ಸಿಗುತ್ತೆ.

ಆ ಹುಡುಗ ಮಾಡಲು ಹೊರಟ ಪದಾರ್ಥದ ಅಣುತೂಕ 247. ಪಾತ್ರೆಯಲ್ಲಿದ್ದ ಇನ್ನೊಂದು ಅಣುವಿನ ತೂಕ 173. ನಾನು ಬಿ.ಕಾಂ. ಓದಿದವನು, ಲೆಡ್ಜರ್ ತಾಳೆ ಹಾಕೋದೇ ನಮ್ಮ ಪಾಠ. 247ರಲ್ಲಿ 173 ಕಳೆದರೆ 74. ಪ್ರೊಪಿಯಾನಿಕ್ ಆಮ್ಲ ಅಂತ ಒಂದಿದೆ, ಅದರ ತೂಕ ಸರಿಯಾಗಿ 74! ಅಂದ್ರೆ ಮಾಲಿನಿಂದ ಒಂದು ತುಂಡು ಕಳಚಿಕೊಂಡು ಹೋಗಿದೆ, ಉಳಿದದ್ದು ಹೊಸದೊಂದು ಅಣು. ಅದರ ಹೆಸರು ಎಂಪಿಟಿಪಿ. ಈ ತಾಳೆ ನೋಡಿದ ದಿನ ನನಗೆ ರಸಾಯನಶಾಸ್ತ್ರದ ಭಯ ಅರ್ಧ ಹೋಯ್ತು.

ಆದರೆ ಪಾತ್ರೆಯಲ್ಲಿ ಇದೊಂದೇ ಇರಲಿಲ್ಲ, ಬೇರೆ ಪದಾರ್ಥಗಳೂ ಇದ್ದವು. ಯಾರು ತಪ್ಪಿತಸ್ಥ? ಇಲಿಗಳಿಗೆ ಚುಚ್ಚಿ ನೋಡಿದರು. ಇಲಿಗಳು ಸ್ವಲ್ಪ ಹೊತ್ತು ಬಿಗಿದುಕೊಂಡವು, ಆಮೇಲೆ ಎದ್ದು ಓಡಾಡಿದವು. ತನಿಖೆ ಅಲ್ಲಿಗೇ ನಿಂತಿತು. 1978ರಲ್ಲಿ ಆ ಹುಡುಗ ತೀರಿಕೊಂಡ, ಕಾರಣ ಕೊಕೇನ್. ಮಿದುಳು ಪರೀಕ್ಷೆ ಮಾಡಿದಾಗ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪು ಭಾಗದ ಜೀವಕೋಶಗಳು ನಾಶವಾಗಿದ್ದವು. ಪಾರ್ಕಿನ್ಸನ್ ರೋಗಿಗಳಲ್ಲಿ ಸಾಯೋದೂ ಡೋಪಮೀನ್ ತಯಾರಿಸುವ ಇದೇ ಕೋಶಗಳು.

ಇಷ್ಟೆಲ್ಲ ಬರೆದು ಪ್ರಕಟಿಸಿದ್ದು 'ಸೈಕಿಯಾಟ್ರಿ ರಿಸರ್ಚ್' ಎಂಬ ಪತ್ರಿಕೆಯಲ್ಲಿ. 1979 ಅದರ ಮೊದಲ ವರ್ಷ. ನರರೋಗ ವೈದ್ಯರ ಮೇಜಿಗೆ ಬರುವ ಪತ್ರಿಕೆ ಅದಲ್ಲ. ನನಗೆ ಹೊಟ್ಟೆ ಉರಿಯೋದು ಇಲ್ಲಿ. ಸ್ಯಾನ್ ಹೋಸೆಯ ಆರು ಜನ ಕಲ್ಲಾಗುವ ಮೂರು ವರ್ಷ ಮೊದಲೇ 173 ಎಂಬ ಅಂಕಿ ಅಚ್ಚಾಗಿ ಲೈಬ್ರರಿಯಲ್ಲಿ ಕೂತಿತ್ತು. ಅದನ್ನು ಓದಿದ್ದರೆ ಬೀದಿಯ ಆ ಮಾರಾಟ ನಿಲ್ಲುತ್ತಿತ್ತು ಅಂತ ನಾನು ಹೇಳಲ್ಲ. ಆದರೆ ಡಾಕ್ಟರುಗಳು ಕತ್ತಲಲ್ಲಿ ತಡಕಾಡೋದು ತಪ್ಪುತ್ತಿತ್ತು, ಎಚ್ಚರಿಕೆಯ ಮಾತು ಬೇಗ ಹೊರಡುತ್ತಿತ್ತು.

ಲ್ಯಾಂಗ್‌ಸ್ಟನ್ ತಂಡ ಬೀದಿಯ ಪುಡಿಯನ್ನು ಪರೀಕ್ಷೆ ಮಾಡಿಸಿತು. ಇಬ್ಬರು ರೋಗಿಗಳು ಚುಚ್ಚಿಕೊಂಡಿದ್ದ ಪುಡಿಯಲ್ಲಿ ಹೆಚ್ಚುಪಾಲು ಎಂಪಿಟಿಪಿಯೇ, ಮಾಡಲು ಹೊರಟ ಅಮಲು ಪದಾರ್ಥ ಇದ್ದದ್ದು ಲೇಶಮಾತ್ರ. 1983ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಬಂತು. ಈ ಸಲ ಎಲ್ಲರೂ ಓದಿದರು.

ಅದೇ ವರ್ಷ ಮಾರ್ಕಿ ಮತ್ತು ಸಂಗಡಿಗರು ಎಂಪಿಟಿಪಿಯನ್ನು ಕೋತಿಗಳಿಗೆ ಕೊಟ್ಟರು. ಕೋತಿಗಳು ಮರಗಟ್ಟಿದವು. ಆ ಭಾಗ ಓದೋಕೆ ಹಿತವಾಗಿಲ್ಲ, ಮುಂದೆ ಹೋಗ್ತೀನಿ.

ಇಲಿ ಬಚಾವಾಯ್ತು, ಕೋತಿ ಮನುಷ್ಯ ಬಚಾವಾಗಲಿಲ್ಲ. ಯಾಕೆ? ಈಗ ಎರಡನೇ ಅಂಕಿ ಬರುತ್ತೆ. ಎಂಪಿಟಿಪಿ ಮಿದುಳಿನೊಳಗೆ ಹೋದ ಮೇಲೆ ಏನಾಗುತ್ತೆ ಅಂತ ಮಾರ್ಕಿ ಹಿಂಬಾಲಿಸಿದರು. 173 ಅಲ್ಲಿ 173 ಆಗಿ ಉಳಿಯಲ್ಲ, ಮೂರು ಹೈಡ್ರೊಜನ್ ಕಳೆದುಕೊಂಡು 170 ಆಗುತ್ತೆ. ಹೆಸರು ಎಂಪಿಪಿ ಪ್ಲಸ್. ಪ್ಲಸ್ ಅಂದ್ರೆ ಧನ ವಿದ್ಯುದಂಶ. 1984ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವರು ಬರೆದದ್ದು ಇದನ್ನೇ: ಇಲಿಜಾತಿಯ ಪ್ರಾಣಿಗಳ ಮಿದುಳಿನಿಂದ ಈ 170 ಬೇಗ ಹೊರಟುಹೋಗುತ್ತೆ, ಕೋತಿಯ ಮಿದುಳಿನಲ್ಲಿ ದಿನಗಟ್ಟಲೆ ಮನೆ ಮಾಡಿಕೊಂಡು ಕೂರುತ್ತೆ. 1970ರ ದಶಕದಲ್ಲಿ ಇಲಿಗಳು ತನಿಖೆಯ ದಾರಿ ತಪ್ಪಿಸಿದ್ದಕ್ಕೆ ಉತ್ತರದ ಒಂದು ಭಾಗ ಹೀಗೆ ಸಿಕ್ಕಿತು.

ಅಂದ ಹಾಗೆ, 173 ತಾನಾಗಿ ಕೊಲೆಗಾರ ಅಲ್ಲ. ಎಂಎಒ-ಬಿ ಎಂಬ ನಮ್ಮದೇ ಮಿದುಳಿನ ಕಿಣ್ವ ಅದನ್ನು ವಿಷವಾಗಿಸುವ ಕೆಲಸ ಶುರು ಮಾಡುತ್ತೆ. ಆ ಕಿಣ್ವವನ್ನು ಮೊದಲೇ ತಡೆದರೆ ಪ್ರಾಣಿಗಳಿಗೆ ಏನೂ ಆಗಲ್ಲ. ಇನ್ನು ಡೋಪಮೀನ್ ಕೋಶಗಳು ಮಾತ್ರ ಯಾಕೆ ಸಾಯ್ತಾವೆ? ಆ ಕೋಶಗಳಲ್ಲಿ ಡೋಪಮೀನನ್ನು ಒಳಗೆ ಎಳೆದುಕೊಳ್ಳುವ ಬಾಗಿಲಿದೆ. 170 ಆ ಬಾಗಿಲಿಗೆ ಡೋಪಮೀನ್ ಥರಾನೇ ಕಾಣುತ್ತೆ. ಒಳಗೆ ಬಿಟ್ಟುಕೊಳ್ಳುತ್ತೆ.

ಒಳಗೆ ಹೋದದ್ದು ನೇರ ಮೈಟೊಕಾಂಡ್ರಿಯಾಕ್ಕೆ. ಶಾಲೆಯಲ್ಲಿ ಜೀವಕೋಶದ ಶಕ್ತಿಕೇಂದ್ರ ಅಂತ ಬಾಯಿಪಾಠ ಮಾಡಿದ್ವಲ್ಲ, ಅದೇ. ಮೈಟೊಕಾಂಡ್ರಿಯಾದ ಒಳಗೆ ಋಣ ವಿದ್ಯುದಂಶ ಇರೋದರಿಂದ ಪ್ಲಸ್ ಇರುವ 170 ಅಲ್ಲಿಗೆ ಸೆಳೆದುಕೊಂಡು ಗುಡ್ಡೆಯಾಗುತ್ತೆ. 1985ರಲ್ಲಿ ನ್ಯೂಜೆರ್ಸಿಯ ನಿಕ್ಲಾಸ್, ವ್ಯಾಸ್, ಹೈಕಿಲಾ ತೋರಿಸಿಕೊಟ್ಟರು: ನಾವು ತಿಂದದ್ದನ್ನು ಶಕ್ತಿಯಾಗಿಸುವ ಸಾಲಿನ ಮೊದಲ ಯಂತ್ರವನ್ನೇ, ಅಂದ್ರೆ ಕಾಂಪ್ಲೆಕ್ಸ್ 1 ಅನ್ನೋದನ್ನೇ, ಇದು ಕಟ್ಟಿಹಾಕುತ್ತೆ. ಮಿದುಳು ದೇಹದ ತೂಕದಲ್ಲಿ ಶೇ 2ರಷ್ಟು, ಆದರೆ ಬಳಸುವ ಆಮ್ಲಜನಕ ಸುಮಾರು ಶೇ 20. ಅಂಥ ಕಡೆ ಕರೆಂಟ್ ಹೋದರೆ ಏನಾಗುತ್ತೆ, ಯೋಚನೆ ಮಾಡಿ.

ಇಲ್ಲಿಂದ ಕಥೆ ಮಾದಕವಸ್ತು ಮುಟ್ಟದವರ ಕಡೆಗೂ ಬರುತ್ತೆ. 1989ರಲ್ಲಿ ಲಂಡನ್ನಿನ ಆಂಥೊನಿ ಶಪೀರಾ ತಂಡ, ಸಾಮಾನ್ಯ ಪಾರ್ಕಿನ್ಸನ್‌ನಿಂದ ತೀರಿಕೊಂಡವರ ಮಿದುಳನ್ನು ಪರೀಕ್ಷಿಸಿತು. ಆ ಕಪ್ಪು ಭಾಗದಲ್ಲಿ ಕಾಂಪ್ಲೆಕ್ಸ್ 1 ಇವರಲ್ಲೂ ಸೋತಿತ್ತು. 2000ದಲ್ಲಿ ಅಟ್ಲಾಂಟಾದ ತಿಮೊತಿ ಗ್ರೀನಮೈರ್ ತಂಡ ಇಲಿಗಳಿಗೆ ರೊಟೆನೋನ್ ಕೊಟ್ಟು ಪಾರ್ಕಿನ್ಸನ್ ಲಕ್ಷಣ ಬರಿಸಿತು. ರೊಟೆನೋನ್ ಗಿಡದ ಬೇರಿನಿಂದ ತೆಗೆಯುವ ಕೀಟನಾಶಕ, ಅದೂ ಕಾಂಪ್ಲೆಕ್ಸ್ 1 ಅನ್ನೇ ಕಟ್ಟಿಹಾಕುತ್ತೆ. ಇನ್ನು ಪ್ಯಾರಾಕ್ವಾಟ್. ನಮ್ಮ ರೈತರಿಗೆ ಗೊತ್ತಿರುವ ಕಳೆನಾಶಕ. ಅದರ ಅಣುವಿನ ಚಿತ್ರವನ್ನು 170ರ ಪಕ್ಕ ಇಟ್ಟರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತೆ. ಅದು ಕೆಡಿಸುವ ದಾರಿ ಬೇರೆ, ಎರಡೂ ಒಂದೇ ಅನ್ನೋಕಾಗಲ್ಲ. ಆದರೂ ಕೀಟನಾಶಕಕ್ಕೂ ಪಾರ್ಕಿನ್ಸನ್‌ಗೂ ನಂಟಿದೆಯಾ ಎಂಬ ಪ್ರಶ್ನೆಗೆ ಬಲ ಬಂದದ್ದು ಸ್ಯಾನ್ ಹೋಸೆಯ ಆ ಆರು ಜನರಿಂದ. ಮನೆಯಲ್ಲಿ ಔಷಧಿ ಹೊಡೆಯುವವರಿದ್ದರೆ ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್ ಇಲ್ಲದೆ ಪಂಪ್ ಹೆಗಲಿಗೆ ಹಾಕೋಕೆ ಬಿಡಬೇಡಿ.

ಆ ಆರು ಜನ ಏನಾದರು? ಎಲ್-ಡೋಪಾದಿಂದ ಅಲುಗಾಡಿದರು, ಆದರೆ ಆ ಔಷಧಿಯ ಅಡ್ಡಪರಿಣಾಮವೂ ಬೆನ್ನು ಬಿಡಲಿಲ್ಲ. ಇಬ್ಬರಿಗೆ ಸ್ವೀಡನ್ನಿನ ಲುಂಡ್‌ನಲ್ಲಿ ಭ್ರೂಣದ ಮಿದುಳಿನ ಕೋಶಗಳನ್ನು ಕಸಿ ಮಾಡಿದರು. 1992ರ ವರದಿಯ ಪ್ರಕಾರ ಅವರ ಚಲನೆ ಸಾಕಷ್ಟು ಸುಧಾರಿಸಿತ್ತು.

1999ರಲ್ಲಿ ಲ್ಯಾಂಗ್‌ಸ್ಟನ್ ಇನ್ನೊಂದು ಪ್ರಬಂಧ ಬರೆದರು. ಎಂಪಿಟಿಪಿ ಚುಚ್ಚಿಕೊಂಡು, ಆಮೇಲೆ 3ರಿಂದ 16 ವರ್ಷ ಬದುಕಿ ತೀರಿಕೊಂಡ ಮೂವರ ಮಿದುಳನ್ನು ಪರೀಕ್ಷಿಸಿದ್ದರು. ವಿಷ ಒಳಗೆ ಹೋದದ್ದು ಕೆಲವೇ ದಿನ. ಆದರೆ ಅಷ್ಟು ವರ್ಷಗಳಾದ ಮೇಲೂ ಆ ಕಪ್ಪು ಭಾಗದಲ್ಲಿ ಉರಿಯೂತ ನಡೆದೇ ಇತ್ತು, ಕೋಶಗಳು ಆಗಲೂ ಒಂದೊಂದಾಗಿ ಸಾಯುತ್ತಿದ್ದವು.