ಮುಂದಿನ ಪದ್ಯ

ನನ್ನ ಹತ್ತಿರ 'ವಾಲಿಸುಗ್ರೀವರ ಕಾಳಗ'ದ ಹಳೆಯದೊಂದು ಯಕ್ಷಗಾನ ಪ್ರಸಂಗ ಪುಸ್ತಕ ಇದೆ. ಉಡುಪಿಯ ಪಾವಂಜೆಯವರ ಅಚ್ಚು. ಮೂಲ ರಟ್ಟು ಯಾವಾಗಲೋ ಹೋಗಿ ಈಗ ಮಿಠಾಯಿ ಪೊಟ್ಟಣದ ರಟ್ಟು ಅಂಟಿಕೊಂಡಿದೆ. ಕೆಲವು ಪದ್ಯಗಳ ಪಕ್ಕದಲ್ಲಿ ಸೀಸದಕಡ್ಡಿಯ ಸಣ್ಣ ಗೀಟುಗಳು. ಗೀಟು ಇದ್ದದ್ದು ಆ ದಿನದ ತಾಳಮದ್ದಳೆ ಕೂಟದಲ್ಲಿ ಹಾಡುವ ಪದ್ಯ, ಇಲ್ಲದ್ದು ಬಿಟ್ಟದ್ದು. ಹಾಕಿದವರು ಭಾಗವತರು.

ಆ ಪುಸ್ತಕ ಮುಂಬಯಿ ಹತ್ತಿರದ ಮುಂಬ್ರಾದಲ್ಲಿ ಇದೆ ಅಂದರೆ ಊರಿನವರು ನಗುತ್ತಾರೆ. ಹದಿನಾರು ವರ್ಷಕ್ಕೆ ಊರು ಬಿಟ್ಟು ಬಂದು ಫೋರ್ಟಿನ ಹೋಟೆಲೊಂದರಲ್ಲಿ ತಟ್ಟೆ ಎತ್ತಿದವನು ನಾನು. ರಾತ್ರಿಶಾಲೆಯಲ್ಲಿ ಕನ್ನಡ ಕಲಿತು, ಕ್ಯಾಶ್ ಕೌಂಟರಿಗೆ ಏರಿ, ಕಡೆಗೆ ಕೈಗೆಟಕುವ ಬೆಲೆಗೆ ಮನೆ ಸಿಕ್ಕಿದ್ದು ಇಲ್ಲಿ. ಥಾಣೆಯಿಂದ ಕಲ್ಯಾಣಕ್ಕೆ 1854ರಲ್ಲಿ ಹಳಿ ಬಂದಾಗ ಅದು ಖಾಡಿಯ ಅಂಚು ಹಿಡಿದು ಮುಂಬ್ರಾವನ್ನು ಸುತ್ತಿಕೊಂಡೇ ಹೋಗಿತ್ತು. 1916ರಲ್ಲಿ ಪಾರ್ಸಿಕ್ ಗುಡ್ಡ ಕೊರೆದು 1.3 ಕಿಲೋಮೀಟರ್ ಸುರಂಗ ಮಾಡಿದ ಮೇಲೆ ಫಾಸ್ಟ್ ಗಾಡಿಗಳಿಗೆ ನಮ್ಮ ಹಂಗು ತಪ್ಪಿತು. 1992–93ರ ಗಲಭೆಯ ನಂತರ ಮುಂಬಯಿಯಿಂದ ಸಾವಿರಾರು ಮುಸ್ಲಿಂ ಕುಟುಂಬಗಳು ಇಲ್ಲಿಗೆ ಬಂದು ಊರು ತುಂಬಿತು. ಮತ್ಸ್ಯಗಂಧ ಗಾಡಿ ಪಕ್ಕದಲ್ಲೇ ಹಾದು ದಿವಾದಲ್ಲಿ ಪನ್ವೇಲ್ ಕಡೆ ತಿರುಗುತ್ತದೆ, ನಮಗೆ ನಿಲ್ಲುವುದಿಲ್ಲ. ಹತ್ತಬೇಕಾದರೆ ಥಾಣೆಗೆ ಹೋಗಬೇಕು.

ನಮ್ಮ ಕಟ್ಟಡದ ಎರಡನೇ ಮಾಳಿಗೆಯಲ್ಲಿ ಮೂಲ್ಕಿ ಕಡೆಯ ಬ್ಯಾರಿ ಹಾಜಿಯವರೊಬ್ಬರು ಇದ್ದರು. ಚೀಲದ ವ್ಯಾಪಾರ. ನಾವು ಮಾತಾಡುವುದು ತುಳುವಿನಲ್ಲಿ. ಬಪ್ಪನಾಡಿನ ದೇವಸ್ಥಾನ ಕಟ್ಟಿಸಿದ್ದು ಬಪ್ಪ ಬ್ಯಾರಿ ಎಂಬ ಐತಿಹ್ಯ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಆ ಕ್ಷೇತ್ರ ಮಹಾತ್ಮೆಯ ಆಟ ನೋಡಿಯೇ ಬೆಳೆದವರು ಹಾಜಿಯವರು. ಹಾಗಾಗಿ ನಾನು ಕೂಟಕ್ಕೆ ಹೊರಟರೆ ಅವರೂ ಕೊಡೆ ಹಿಡಿದು ಹೊರಡುತ್ತಿದ್ದರು.

ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಊರಲ್ಲಿ ಮಳೆಗಾಲ ಎಂದರೆ ತಾಳಮದ್ದಳೆಯ ಕಾಲ. ಕಲಾವಿದರು ಆಟಿ ತಿಂಗಳಲ್ಲಿ ಮುಂಬಯಿಗೆ ಬರುತ್ತಾರೆ, ಡೊಂಬಿವಲಿ, ಥಾಣೆ, ಕಲ್ಯಾಣಗಳ ಸಭಾಗೃಹಗಳಲ್ಲಿ ಕೂಟ ನಡೆಯುತ್ತದೆ. ಒಂದು ಪಾತ್ರ ಕಡಿಮೆ ಬಿದ್ದರೆ ನನ್ನಂಥ ಹೋಟೆಲಿನವನನ್ನು ಕೂರಿಸುತ್ತಾರೆ. ಇದು ನಿನ್ನೆ ಮೊನ್ನೆಯ ಕಲೆಯಲ್ಲ. ಬಳ್ಳಾರಿ ಕಡೆಯ ಕುರುಗೋಡಿನ 1556ರ ಶಾಸನದಲ್ಲಿ ತಾಳಮದ್ದಳೆಯವರಿಗೆ ಭೂಮಿ ಬಿಟ್ಟುಕೊಟ್ಟ ಉಲ್ಲೇಖ ಇದೆ. ಆಗ ಏನು ಹಾಡುತ್ತಿದ್ದರು, ಯಾರು ಮಾತಾಡುತ್ತಿದ್ದರು ಎಂಬುದನ್ನು ಶಾಸನ ಹೇಳುವುದಿಲ್ಲ. ಭೂಮಿಯ ಮಾತು ಬಿಟ್ಟು ಬೇರೆ ಮಾತು ಶಾಸನಕ್ಕೆ ಯಾಕೆ?

ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಪಂಚೆ-ಶಾಲಿನಲ್ಲಿ ಕೂತವರು ಅರ್ಥ ಹೇಳುತ್ತಾರೆ. ನಾಟಕದವರು ಸಂಭಾಷಣೆ ಎನ್ನುವುದನ್ನು ನಮ್ಮ ಹಿರಿಯರು 'ಅರ್ಥ' ಎಂದೇ ಕರೆದರು. ಕವಿಯ ನಾಲ್ಕು ಸಾಲಿನ ಮೇಲೆ ಅರ್ಥಧಾರಿ ಅರ್ಧ ಗಂಟೆ ಮಾತಾಡುತ್ತಾನೆ. ಆ ಮಾತನ್ನು ಯಾರೂ ಬರೆದಿಟ್ಟಿಲ್ಲ, ಎದುರು ಕೂತವನಿಗೂ ಮೊದಲೇ ಗೊತ್ತಿಲ್ಲ. ಹಾಗಾದರೆ ಕವಿಯ ಮನಸ್ಸಿನಲ್ಲಿ ಇದ್ದದ್ದು ಯಾವುದು, ಇವನು ಹೊಸೆದದ್ದು ಯಾವುದು? ನಮ್ಮಲ್ಲಿ ಅದಕ್ಕೊಂದು ಮಾತು ಇದೆ: ಪದ್ಯದ ಆಶಯ. ಕೂಟ ಮುಗಿದು ಚಹಾ ಕುಡಿಯುವಾಗ ಜಗಳ ಆಗುವುದೇ ಅದರ ಮೇಲೆ. "ಆಶಯ ಬಿಟ್ಟ" ಎಂದರೆ ಅರ್ಥಧಾರಿಗೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ.

ಆದರೆ ಆಶಯ ಯಾರದು? ನಮ್ಮ ರಾಮಾಯಣ ಪ್ರಸಂಗಗಳ ಕರ್ತೃ ಕುಂಬಳೆಯ ಪಾರ್ತಿಸುಬ್ಬ ಎಂದು ಮುಳಿಯ ತಿಮ್ಮಪ್ಪಯ್ಯ, ಕುಕ್ಕಿಲ ಕೃಷ್ಣ ಭಟ್ಟರು ವಾದಿಸಿದರು. 'ಯಕ್ಷಗಾನ ಬಯಲಾಟ'ಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಶಿವರಾಮ ಕಾರಂತರು ಅದನ್ನು ಒಪ್ಪಲಿಲ್ಲ. ಕವಿ ಯಾರೆಂಬುದಕ್ಕೇ ಪಂಡಿತರು ಕಚ್ಚಾಡುತ್ತಿದ್ದ ಕಾಲದಲ್ಲೂ ಕೂಟಗಳು ಒಂದು ರಾತ್ರಿಯೂ ನಿಲ್ಲಲಿಲ್ಲ. ಲೇಖಕ ಸತ್ತ ಎಂದು ರೊಲಾಂ ಬಾರ್ತ್ 1967ರಲ್ಲಿ ಬರೆದದ್ದನ್ನು ನನ್ನ ಮಗಳು ಕಾಲೇಜಿನಿಂದ ತಂದು ಓದಿ ಹೇಳಿದಾಗ ನನಗೆ ಅಂಥ ಆಘಾತವೇನೂ ಆಗಲಿಲ್ಲ. ನಮ್ಮ ಮೀಮಾಂಸಕರು ವೇದಕ್ಕೆ ಕರ್ತೃವೇ ಇಲ್ಲ ಎಂದು ಹೇಳಿ, ಆರಂಭ ಮತ್ತು ಕೊನೆ ಹೊಂದುತ್ತವೆಯೇ, ಯಾವುದು ಮತ್ತೆ ಮತ್ತೆ ಬರುತ್ತದೆ ಎಂದೆಲ್ಲ ನೋಡಿ ತಾತ್ಪರ್ಯ ತೆಗೆದವರಲ್ಲವೇ?

ವಾಲಿಯ ವಿಷಯಕ್ಕೆ ಬರುತ್ತೇನೆ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಕೇಳುವ ಪ್ರಶ್ನೆಗಳಿವೆಯಲ್ಲ, ಅದು ಅರ್ಥಧಾರಿಯ ಹಬ್ಬ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನು ನಾನು ಕ್ಯಾಸೆಟಿನಲ್ಲಿ ಕೇಳಿ ಕೇಳಿ ಟೇಪು ಸವೆಸಿದ್ದೆ. ರಾಮ ಉತ್ತರ ಹುಡುಕುವಂತೆ ಮಾಡುವ ವಾಲಿ ಅದು. ನನ್ನ ತಲೆಯಲ್ಲಿ ಕೂತದ್ದು ಆ ಪ್ರಶ್ನೆಗಳು ಮಾತ್ರ. ಪ್ರಶ್ನೆ ಮುಗಿದ ಮೇಲೆ ಅವರು ಹೇಗೆ ಇಳಿಯುತ್ತಿದ್ದರು ಎಂಬುದನ್ನು ನಾನು ಕಿವಿಗೊಟ್ಟು ಕೇಳಿರಲೇ ಇಲ್ಲ.

ಡೊಂಬಿವಲಿಯಲ್ಲಿ ಒಂದು ಆಟಿ ಭಾನುವಾರ ಆ ವಾಲಿ ನನಗೇ ಬಂತು. ಹೊರಗೆ ಮಳೆ, ಒಳಗೆ ನೂರೈವತ್ತು ಜನ. ನಾನು ಬಿಟ್ಟೆ ನೋಡಿ: ಬೇಟೆ ಎನ್ನುತ್ತೀಯಲ್ಲ, ಮಂಗನ ಮಾಂಸ ತಿನ್ನುವ ಕ್ಷತ್ರಿಯ ಯಾರು? ತಮ್ಮನ ಹೆಂಡತಿಯ ಮಾತು ಎತ್ತುತ್ತೀಯಲ್ಲ, ಪ್ರಾಣಿಗೆ ಮನುಷ್ಯರ ಧರ್ಮಶಾಸ್ತ್ರ ಹೇಗೆ? ಪ್ರಾಣಿ ಎಂದರೆ ತಪ್ಪಿಲ್ಲ, ತಪ್ಪು ಎಂದರೆ ಪ್ರಾಣಿಯಲ್ಲ. ಎರಡರಲ್ಲಿ ಒಂದು ಹೇಳು. ಚಪ್ಪಾಳೆಯೋ ಚಪ್ಪಾಳೆ. ರಾಮನ ಅರ್ಥಕ್ಕೆ ಕೂತವರು ಶಾಲು ಸರಿಮಾಡಿಕೊಂಡರು. ನಾನು ಇನ್ನೂ ಏರುವವನಿದ್ದೆ. ಅಷ್ಟರಲ್ಲಿ ಜಾಗಟೆ ಬಿತ್ತು, ಭಾಗವತರು ಪದ್ಯ ಎತ್ತಿದರು. ವಾಲಿ ಕೈಮುಗಿದು ಶರಣಾಗುವ ಪದ್ಯ.

ಮದ್ದಳೆ ನಿಂತಿತು. ನನ್ನ ಬಾಯಿಯೂ ನಿಂತಿತು. ಈಗಷ್ಟೇ ರಾಮನ ಜುಟ್ಟು ಹಿಡಿದವನು ಯಾವ ಮುಖದಿಂದ ಕಾಲು ಹಿಡಿಯಲಿ? "ಸ್ವಾಮೀ..." ಎಂದೆ, ಏನೋ ನಾಲ್ಕು ವಾಕ್ಯ ತೊದಲಿ ಕಣ್ಣು ಮುಚ್ಚಿದೆ. ವಾಲಿ ಸತ್ತದ್ದು ಬಾಣದಿಂದಲ್ಲ, ನಾಚಿಕೆಯಿಂದ.

ಭಾಗವತರು ಆಮೇಲೆ ಹೇಳಿದ್ದು ಇಷ್ಟೇ. "ಹಾರು ಮಾರಾಯ, ಬೇಡ ಅಂದವರು ಯಾರು? ಆದರೆ ಮುಂದಿನ ಪದ್ಯ ಎಲ್ಲಿ ಕೂತಿದೆ ನೋಡಿಕೊಂಡು ಹಾರು."

ಕವಿಯ ಆಶಯವನ್ನು ನಾನು ಅಲ್ಲಿಯವರೆಗೆ ಹಿಂದೆ ಹುಡುಕುತ್ತಿದ್ದೆ, ಕುಂಬಳೆಯಲ್ಲಿ, ಸತ್ತ ಕವಿಯ ತಲೆಯಲ್ಲಿ. ಅದು ಮುಂದೆ ಇರುತ್ತದೆ. ನೀನು ಏನು ಬೇಕಾದರೂ ಹೇಳು, ಆದರೆ ಆ ಪದ್ಯಕ್ಕೆ ನಿನ್ನ ಪಾತ್ರ ತನ್ನ ಕಾಲ ಮೇಲೆ ನಡೆದು ಬಂದು ಮುಟ್ಟಬೇಕು. ಪ್ರಶ್ನೆ ಕೇಳುವಾಗಲೇ ವಾಲಿಯ ದನಿಯಲ್ಲಿ ಎಲ್ಲೋ ಒಂದು ಬಿರುಕು ಬಿಟ್ಟುಕೊಳ್ಳಬೇಕಿತ್ತು. ಸುರಂಗದಲ್ಲಿ ಹೋಗು, ಮುಂಬ್ರಾ ಸುತ್ತಿ ಹೋಗು, ದಿವಾ ಹತ್ತಿರ ಹಳಿಗೆ ಸೇರಲೇಬೇಕು.

ಕೊನೆಯ ಸ್ಲೋ ಲೋಕಲಿನಲ್ಲಿ ಹಾಜಿಯವರು ಬಹಳ ಹೊತ್ತು ಮಾತಾಡಲಿಲ್ಲ. ಕೋಪರ್ ದಾಟಿದ ಮೇಲೆ ಕೇಳಿದರು, "ಶೆಟ್ರೇ, ನೀವು ಸೋತದ್ದು ರಾಮನಿಗಾ, ಕವಿಗಾ?"

"ಕವಿಗೆ," ಎಂದೆ.

"ನನಗೆ ಹಾಗೆ ಕಾಣಲಿಲ್ಲ. ಭಾಗವತರು ಎರಡು ಸಲ ಗಡಿಯಾರ ನೋಡಿದರು."

ಮನೆಗೆ ಬಂದು ಶರ್ಟು ಬದಲಿಸುವ ಮೊದಲೇ ಪುಸ್ತಕ ಬಿಚ್ಚಿದೆ. ಕೂಟಕ್ಕೆ ಮೊದಲು ಭಾಗವತರು ಗೀಟು ಹಾಕಿದ್ದು ನನ್ನ ಪುಸ್ತಕದಲ್ಲೇ. ನನ್ನ ಪ್ರಶ್ನೆಯ ಪದ್ಯಕ್ಕೆ ಗೀಟು ಇತ್ತು, ಶರಣಾಗತಿಯ ಪದ್ಯಕ್ಕೂ ಇತ್ತು. ನಡುವೆ ರಾಮ ಸಾವಧಾನವಾಗಿ ಉತ್ತರ ಕೊಡುವ ಎರಡು ಪದ್ಯಗಳಿಗೆ ಮೊದಲು ಹಾಕಿದ್ದ ಗೀಟನ್ನು ರಬ್ಬರಿನಿಂದ ಒರೆಸಿದ ಗುರುತು ಇತ್ತು. ಪಕ್ಕದಲ್ಲಿ, ಸಣ್ಣ ಅಕ್ಷರದಲ್ಲಿ, ಗಾಡಿಯ ಹೊತ್ತು.