ನಮ್ಮ ಕಡೆಯ ಹೆಸರುಗಳು: ನಿಜ ಹೇಳುವವು, ಸುಳ್ಳು ಹೇಳುವವು

‘ನಿಮಗೆ ಗೊತ್ತೇ?’ ಎಂದು ಮೊಬೈಲಿಗೆ ಬರುವ ಅಚ್ಚರಿಗಳಲ್ಲಿ ಹೆಚ್ಚಿನವು ದೂರದವು. ಆಕ್ಟೋಪಸ್ಸಿಗೆ ಮೂರು ಹೃದಯ ಇರುವುದು ನಿಜವೇ, ಆದರೆ ಓಮಲೂರಿನಲ್ಲಿ ಅದನ್ನು ನೋಡಿದವರು ಯಾರು? ಈ ಸಲ ಓಮಲೂರಿನಿಂದ ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದಾದ ಊರುಗಳ ಮತ್ತು ನಮ್ಮ ಅಡುಗೆಮನೆಯ ಕೆಲವು ಸಂಗತಿಗಳನ್ನು ಕೊಡುತ್ತಿದ್ದೇನೆ. ಎಲ್ಲವೂ ಹೆಸರಿಗೆ ಸಂಬಂಧಿಸಿದವು.

ಮೊದಲು ಹೊಗೇನಕಲ್. ಅಲ್ಲಿ ಕಾವೇರಿಯ ಒಂದು ದಡ ನಮ್ಮ ಧರ್ಮಪುರಿ ಜಿಲ್ಲೆ, ಎದುರು ದಡ ಕರ್ನಾಟಕದ ಚಾಮರಾಜನಗರ ಜಿಲ್ಲೆ. ನೀರು ಬಂಡೆಗೆ ಬಡಿದು ಏಳುವ ತುಂತುರು ಹೊಗೆಯಂತೆ ಕಾಣುವುದರಿಂದ ಅದು ಹೊಗೆಯ ಕಲ್ಲು. ಇಷ್ಟು ಎಲ್ಲರಿಗೂ ತಿಳಿದದ್ದೇ. ಅಚ್ಚರಿ ಇರುವುದು ಮೊದಲ ಅಕ್ಷರದಲ್ಲಿ. ಹೊಗೆಗೆ ತಮಿಳಿನಲ್ಲಿ ‘ಪುಗೈ’ ಎನ್ನುತ್ತಾರೆ. ಹಳಗನ್ನಡದಲ್ಲಿ ನಾವೂ ‘ಪೊಗೆ’ ಎಂದೇ ಹೇಳುತ್ತಿದ್ದೆವು. ಕಾಲ ಕಳೆದಂತೆ ಕನ್ನಡದಲ್ಲಿ ಪದದ ಮೊದಲಿನ ಪಕಾರ ಹಕಾರವಾಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೊಸತು ಹೊಸತಾಯಿತು. ತಮಿಳಿನಲ್ಲಿ ಇದು ಆಗಲೇ ಇಲ್ಲ. ಅವರಿಗೆ ಇಂದಿಗೂ ಪಾಲು, ಪುಲಿ, ಪುದು. ಹಾಗಾಗಿ ಒಂದು ಊರಿನ ಹೆಸರಿನಲ್ಲಿ ಈ ‘ಹ’ ನಿಂತಿದ್ದರೆ, ಆ ಬದಲಾವಣೆಯ ನಂತರವೂ ಅಲ್ಲಿ ಕನ್ನಡವನ್ನು ಬಾಯಲ್ಲಿ ಆಡುತ್ತಿದ್ದ ಜನ ಇದ್ದರು ಎಂದೇ ಅರ್ಥ. ಹೊಸೂರು ಇದಕ್ಕೆ ಇನ್ನೊಂದು ಸಾಕ್ಷಿ. ತಮಿಳಿನ ಹೆಸರಾಗಿದ್ದರೆ ಪುದೂರು ಆಗುತ್ತಿತ್ತು.

‘ಹಳ್ಳಿ’ಯ ಕಥೆಯೂ ಇದೇ. ಅದರ ಹಳೆಯ ರೂಪ ‘ಪಳ್ಳಿ’. ಧರ್ಮಪುರಿ ಜಿಲ್ಲೆಯಲ್ಲಿ ನಲ್ಲಂಪಳ್ಳಿಯೂ ಇದೆ, ಮಾರಂಡಹಳ್ಳಿಯೂ ಇದೆ. ಧರ್ಮಪುರಿಯ ಹಳೆಯ ಹೆಸರು ತಗಡೂರು. (ನಂಜನಗೂಡಿನ ಕಡೆಯೂ ಒಂದು ತಗಡೂರು ಇದೆ. ಸ್ವಾತಂತ್ರ್ಯ ಹೋರಾಟಗಾರ ತಗಡೂರು ರಾಮಚಂದ್ರರಾಯರು ಆ ಊರಿನವರು.) ನಮ್ಮ ತಗಡೂರಿನಲ್ಲಿ ನೊಳಂಬರ ಅರಸ ಮಹೇಂದ್ರನ ಕಾಲದ ಕನ್ನಡ ಶಾಸನ ಸಿಕ್ಕಿದೆ. ಅದು ಶಕ ವರ್ಷ 815ರದು, ಎಂದರೆ ಕ್ರಿ.ಶ. 893. ನಿಧಿಯಣ್ಣ, ಚಂದಿಯಣ್ಣ ಎಂಬ ವರ್ತಕರ ಮನೆಯ ಇಬ್ಬರು ಅಲ್ಲಿ ಬಸದಿ ಕಟ್ಟಿಸಿದ್ದನ್ನೂ, ಅದಕ್ಕೆ ಒಂದು ಊರನ್ನು ದಾನ ಕೊಟ್ಟಿದ್ದನ್ನೂ ಅದು ಹೇಳುತ್ತದೆ. ಆ ಊರಿನ ಹೆಸರು ಮೂಲಪಳ್ಳಿ. ಗಮನಿಸಿ, ಆಗ ಇನ್ನೂ ‘ಪಳ್ಳಿ’, ‘ಹಳ್ಳಿ’ ಆಗಿರಲಿಲ್ಲ. ಅಂದರೆ ‘ಪ’ ಇದ್ದ ಕಾಲದಲ್ಲೂ ‘ಹ’ ಬಂದ ಕಾಲದಲ್ಲೂ ಈ ಕಡೆ ಕನ್ನಡ ಇತ್ತು. ‘ನೀವು ಎಲ್ಲಿಂದ ಬಂದವರು?’ ಎಂದು ಯಾರಾದರೂ ನಮ್ಮ ಮಕ್ಕಳನ್ನು ಕೇಳಿದರೆ, ಈ 893 ಎಂಬ ಸಂಖ್ಯೆ ಅವರಿಗೆ ನೆನಪಿರಲಿ.

ಇವು ನಿಜ ಹೇಳುವ ಹೆಸರುಗಳಾದವು. ಸುಳ್ಳು ಹೇಳುವ ಹೆಸರು ಬೇಕಾದರೆ ಓಮಲೂರಿನಿಂದ ಸೇಲಂ ಕಡೆಗೆ ಹೋಗಿ. ದಾರಿಯ ಬದಿಗೆ ಬೆಳ್ಳಗೆ ಕಾಣುವ ಗುಡ್ಡಗಳಿಗೆ ಬ್ರಿಟಿಷರು ‘ಚಾಕ್ ಹಿಲ್ಸ್’ ಎಂದು ಹೆಸರಿಟ್ಟರು, ನಮ್ಮ ಮಾತಿನಲ್ಲಿ ಸೀಮೆಸುಣ್ಣದ ಗುಡ್ಡ. ಅಲ್ಲಿ ಸೀಮೆಸುಣ್ಣ ಒಂದು ಚೂರೂ ಇಲ್ಲ. ನಿಜವಾದ ಚಾಕ್ ಎಂದರೆ ಸಮುದ್ರದ ಸೂಕ್ಷ್ಮಜೀವಿಗಳ ಚಿಪ್ಪು ಶೇಖರವಾಗಿ ಆದ ಕ್ಯಾಲ್ಸಿಯಂ ಕಾರ್ಬೊನೇಟ್. ಇಲ್ಲಿರುವುದು ಮ್ಯಾಗ್ನಸೈಟ್, ಎಂದರೆ ಮ್ಯಾಗ್ನೀಸಿಯಂ ಕಾರ್ಬೊನೇಟ್. ಡ್ಯೂನೈಟ್ ಎಂಬ ಕಲ್ಲಿನ ಬಿರುಕುಗಳಲ್ಲಿ ಇಂಗಾಲಾಮ್ಲ ಬೆರೆತ ನೀರು ಹರಿದು, ಆ ಕಲ್ಲನ್ನೇ ಮಾರ್ಪಡಿಸಿ ಬಿಳಿಯ ಎಳೆಎಳೆಯಾಗಿ ಉಳಿಸಿದ್ದು. ಈ ಅದಿರನ್ನು ಚೆನ್ನಾಗಿ ಸುಟ್ಟರೆ ಬರುವ ಮ್ಯಾಗ್ನೀಸಿಯಾ ಕರಗಬೇಕಾದರೆ 2800 ಡಿಗ್ರಿಗೂ ಹೆಚ್ಚಿನ ಶಾಖ ಬೇಕು. ಉಕ್ಕು ಸುಮಾರು 1500 ಡಿಗ್ರಿಗೇ ಕರಗುತ್ತದೆ. ಅದಕ್ಕೇ ಉಕ್ಕಿನ ಕುಲುಮೆಗಳ ಒಳಗೋಡೆಗೆ ಇದರ ಇಟ್ಟಿಗೆ ಕಟ್ಟುತ್ತಾರೆ. ರೈಲ್ವೆಯವರು ಮಾತ್ರ ಸರಿಯಾದ ಹೆಸರನ್ನೇ ಇಟ್ಟಿದ್ದಾರೆ. ಸೇಲಂ ಪಕ್ಕದ ನಿಲ್ದಾಣದ ಹೆಸರು ಮ್ಯಾಗ್ನಸೈಟ್. ಶಾಲೆಯ ಬೋರ್ಡಿನ ಸೀಮೆಸುಣ್ಣವೂ ಈಗ ಹೆಚ್ಚಾಗಿ ಚಾಕ್ ಅಲ್ಲ, ಜಿಪ್ಸಂ.

ಇನ್ನು ಅಡುಗೆಮನೆಗೆ ಬರೋಣ. ಸಬ್ಬಕ್ಕಿ ಅಕ್ಕಿಯಲ್ಲ. ಅದು ಧಾನ್ಯವೂ ಅಲ್ಲ, ಬೀಜವೂ ಅಲ್ಲ. ಏಕಾದಶಿ ದಿನ ಅಕ್ಕಿ ಮುಟ್ಟದ ಹಿರಿಯರು ಸಬ್ಬಕ್ಕಿ ಪಾಯಸ ಉಣ್ಣುವುದು ಇದೇ ಕಾರಣಕ್ಕೆ. ಸಾಗೋ ಎಂಬುದು ಆಗ್ನೇಯ ಏಷ್ಯಾದ ಒಂದು ತಾಳೆ ಜಾತಿಯ ಮರದ ತಿರುಳಿನ ಪಿಷ್ಟ. ನಮ್ಮ ಸಬ್ಬಕ್ಕಿ ಆ ಮರದ್ದೂ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ಹೊರಗಿನ ಸರಕು ನಿಂತಾಗ ಸೇಲಂ ಕಡೆಯವರು ಮರಗೆಣಸಿನಿಂದ ಅದನ್ನು ಮಾಡತೊಡಗಿದರು. ಗೆಣಸಿನ ಸಿಪ್ಪೆ ತೆಗೆದು, ಅರೆದು, ಹಾಲನ್ನು ಸೋಸಿ ತಳಕ್ಕೆ ಇಳಿಸುತ್ತಾರೆ. ಹಸಿ ಹಿಟ್ಟನ್ನು ತೂಗಾಡಿಸಿ ಕಾಳು ಮಾಡಿ, ಬಾಣಲೆಯಲ್ಲಿ ಬಾಡಿಸಿ, ಬಿಸಿಲಿಗೆ ಹರಡುತ್ತಾರೆ. ಇದನ್ನು ಮಾರುವ ಸಹಕಾರ ಸಂಘ ಸಾಗೋಸರ್ವ್ ಸೇಲಂನಲ್ಲಿ 1981ರಲ್ಲಿ ಆರಂಭವಾಯಿತು. 2023ರಲ್ಲಿ ಸೇಲಂ ಸಬ್ಬಕ್ಕಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು.

ಮರಗೆಣಸು ಬೆಳೆಯುವ ಸದಸ್ಯರು ಈ ಮಾತನ್ನು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿ. ಆ ಗಿಡದಲ್ಲಿ ಸಯನೈಡ್ ಹುಟ್ಟಿಸುವ ವಸ್ತು ಇದೆ. ಎಲೆಯಲ್ಲೂ ಸಿಪ್ಪೆಯಲ್ಲೂ ಅದು ಹೆಚ್ಚು. ಹಸಿ ಎಲೆ ಹೊಟ್ಟೆ ತುಂಬ ಮೇಯ್ದ ಮೇಕೆ ಸ್ವಲ್ಪ ಹೊತ್ತಿನಲ್ಲೇ ಸಾಯಬಹುದು. ಮೇಕೆಯನ್ನು ಅಂಥ ಹೊಲದ ಬದುವಿನಲ್ಲಿ ಕಟ್ಟಬೇಡಿ. ಮೇಕೆ ನಡುಗುತ್ತ ಏದುಸಿರು ಬಿಟ್ಟರೆ ತಕ್ಷಣ ಪಶುವೈದ್ಯರನ್ನು ಕರೆಯಿರಿ, ಇದಕ್ಕೆ ಚುಚ್ಚುಮದ್ದು ಇದೆ. ಗೆಣಸನ್ನು ಮನುಷ್ಯರು ಹಸಿಯಾಗಿ ತಿನ್ನಬಾರದು. ಸಿಪ್ಪೆ ಸುಲಿದು, ಬೇಯಿಸಿ, ಆ ನೀರನ್ನು ಚೆಲ್ಲಬೇಕು.

ಸೀಮೆಬದನೆಯದು ಸಣ್ಣ ತಮಾಷೆ. ಕನ್ನಡದವರು ಅದನ್ನು ಸೀಮೆಯದು, ಅಂದರೆ ಹೊರದೇಶದ್ದು, ಎಂದರು. ನಮ್ಮ ಸಂತೆಯಲ್ಲಿ ಅದು ‘ಬೆಂಗಳೂರು ಕತ್ತರಿಕಾಯಿ’. ಅದರ ಮೂಲ ಮೆಕ್ಸಿಕೊ ಕಡೆ, ಮತ್ತು ಅದು ಬದನೆಯಲ್ಲ, ಸೌತೆ ಕುಂಬಳದ ಕುಲದ್ದು.

ಕೊನೆಗೆ ಮೆಟ್ಟೂರು. ಅಣೆಕಟ್ಟು ಮುಗಿದದ್ದು 1934ರಲ್ಲಿ. ಆಗಿನ ಮದ್ರಾಸ್ ಗವರ್ನರ್ ಜಾರ್ಜ್ ಸ್ಟ್ಯಾನ್ಲಿಯ ಹೆಸರನ್ನು ಜಲಾಶಯಕ್ಕೆ ಇಟ್ಟರು. ಪೂರ್ಣ ಮಟ್ಟ 120 ಅಡಿ. ಅದರಡಿ ಹಲವು ಊರು ಮುಳುಗಿದವು. ನೀರು ತುಂಬ ಇಳಿದ ವರ್ಷಗಳಲ್ಲಿ ಪಣ್ಣವಾಡಿ ಬಳಿ ಹಳೆಯ ಜಲಕಂಠೇಶ್ವರ ದೇವಾಲಯದ ನಂದಿಯೂ ಒಂದು ಇಗರ್ಜಿಯ ಗೋಪುರವೂ ಮೇಲೆ ಕಾಣುತ್ತವೆ. ಊರು ನೀರಿನೊಳಗಿದೆ, ಹೆಸರು ಹರಿಗೋಲಿನ ಕಡವಿಗೆ ಉಳಿದಿದೆ.

ಸದಸ್ಯರಲ್ಲಿ ಒಂದು ಕೋರಿಕೆ. ನಿಮ್ಮ ಊರು, ಹೊಲ, ಹಳ್ಳ, ಗುಡ್ಡಗಳಿಗೆ ಮನೆಯ ಹಿರಿಯರು ಹೇಳುವ ಹೆಸರನ್ನು ಅವರು ಉಚ್ಚರಿಸುವಂತೆಯೇ ಕನ್ನಡದಲ್ಲಿ ಬರೆದು ಸಂಘಕ್ಕೆ ಕಳುಹಿಸಿ. ಕಾಗದಪತ್ರ ನೋಡಿ ಬರೆಯಬೇಡಿ. ತಮಿಳು ಬರಹದಲ್ಲಿ ‘ಹಳ್ಳಿ’ ಎಷ್ಟೋ ಕಡೆ ‘ಅಳ್ಳಿ’ ಆಗಿರುತ್ತದೆ. ಗುಮಾಸ್ತನಾಗಿ ವರ್ಷಾನುಗಟ್ಟಲೆ ಕಡತ ನೋಡಿದವನು ನಾನು. ತಾಳವಾಡಿ, ಡೆಂಕಣಿಕೋಟೆ, ಹೊಸೂರು ಕಡೆಯವರೂ ಕಳುಹಿಸಬಹುದು. ಎಂಬತ್ತು ದಾಟಿದವರು ಮನೆಯಲ್ಲಿದ್ದರೆ ಅವರನ್ನು ಮೊದಲು ಕೇಳಿ.

– ಕಾರ್ಯದರ್ಶಿ, ಓಮಲೂರು