ಕಲಬುರಗಿಯ ಗಿರಣಿ ಕುಟುಂಬಗಳು

ಹೈದರಾಬಾದ್ ಸಂಸ್ಥಾನದ ಆಳ್ವಿಕೆಯಲ್ಲಿ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಥಾಪಿತವಾದ ಮಹಬೂಬ್ ಶಾಹಿ ಕಲಬುರ್ಗಾ ಗಿರಣಿಯ ಆಶ್ರಯದಲ್ಲಿ ರೂಪುಗೊಂಡ ಶ್ರಮಜೀವಿ ಸಮುದಾಯವಿದು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನನ ಹೆಸರನ್ನು ಹೊತ್ತ ಈ ಬಟ್ಟೆಗಿರಣಿಗೆ ಎರೆಭೂಮಿಯ ಹತ್ತಿಯು ಒಂದು ಆಧಾರವಾದರೆ, 1871ರಲ್ಲಿ ರಾಯಚೂರಿನ ಬಳಿ ಕೂಡಿಕೊಂಡು ಪೂರ್ಣವಾದ ಮುಂಬಯಿ-ಮದರಾಸು ರೈಲುಮಾರ್ಗವು ಮತ್ತೊಂದು ಆಧಾರವಾಯಿತು.

ಮಳೆನಕ್ಷತ್ರಗಳ ಲೆಕ್ಕದಲ್ಲಿ ಸಾಗುತ್ತಿದ್ದ ಒಕ್ಕಲು ಮನೆತನಗಳ ದಿನಚರಿಯು ಗಿರಣಿಯ ಭೋಂಗಾದ (ಸೈರನ್ನಿನ) ಕೂಗಿಗೆ ಅಧೀನವಾದುದೇ ಇಲ್ಲಿ ಸಂಭವಿಸಿದ ಮುಖ್ಯ ಪರಿವರ್ತನೆ. ಗಂಡಸು ಬೆಳಗಿನ ಪಾಳಿಗೆ ಹೊರಡಬೇಕಾದರೆ ಹೆಂಗಸು ಅದಕ್ಕೂ ಮುಂಚೆ, ನಸುಕಿನಲ್ಲಿಯೇ, ಒಲೆಯ ಮುಂದೆ ಕುಳಿತು ಬಿಳಿಜೋಳದ ರೊಟ್ಟಿ ಬಡಿದು, ಶೇಂಗಾ ಹಿಂಡಿ, ಉಳ್ಳಾಗಡ್ಡಿಗಳೊಡನೆ ಅರಿವೆಯಲ್ಲಿ ಕಟ್ಟಿಕೊಡಬೇಕಿತ್ತು. ಆ ಅರ್ಥದಲ್ಲಿ ಪಾಳಿಯು ಆರಂಭವಾಗುತ್ತಿದ್ದುದು ಅಡುಗೆಮನೆಯಲ್ಲಿ, ಆದರೆ ಆ ಗಳಿಗೆಗಳಿಗೆ ಪಗಾರವಿರಲಿಲ್ಲ. ದೇಶದ ಇತರ ಗಿರಣಿಗಳಂತೆ ಇಲ್ಲಿಯೂ ಕಾಯಂ ಆಳಿಗೂ, ಗೈರುಹಾಜರಾದವನ ಜಾಗಕ್ಕಾಗಿ ಬಾಗಿಲಲ್ಲಿ ಕಾಯುವ ಬದಲಿ ಆಳಿಗೂ ಇದ್ದ ಅಂತರ ಅಲ್ಪವಲ್ಲ. ಒಬ್ಬನ ಜ್ವರವೇ ಇನ್ನೊಬ್ಬನ ಅಂದಿನ ಅನ್ನ. 1948ರ ಕಾರ್ಖಾನೆ ಕಾಯಿದೆಯು ವಾರದ ದುಡಿಮೆಯನ್ನು 48 ಗಂಟೆಗಳಿಗೆ ಮಿತಗೊಳಿಸಿ, ಸ್ತ್ರೀಯರ ರಾತ್ರಿಪಾಳಿಯನ್ನು ನಿಷೇಧಿಸಿತು.

ಕನ್ನಡ, ದಖನಿ, ತೆಲುಗು, ಮರಾಠಿಗಳು ಕಲೆತ ಕಲಬುರಗಿ ನಗರದಲ್ಲಿ ಲಿಂಗಾಯತ ಸಂತ ಶರಣಬಸವೇಶ್ವರರ ತೇರು, ಸೂಫಿ ಸಂತ ಬಂದೇನವಾಜರ ಉರುಸು ಎರಡೂ ದುಡಿಯುವವರ ಹಬ್ಬಗಳೇ. ಶರಣರ ಕಾಯಕ-ದಾಸೋಹಗಳ ಭಾಷೆಯಲ್ಲಿ ದುಡಿಮೆಯನ್ನು ಪೂಜ್ಯವೆಂದರಿತ ನಾಡಿನಲ್ಲಿ ಯಂತ್ರದ ದುಡಿಮೆಗೂ ಆ ಗೌರವ ದೊರೆಯಿತೇ ಎಂಬುದು ವಿಚಾರಾರ್ಹ.

ಹುಮನಾಬಾದ್ ದಾರಿಯಲ್ಲಿರುವ ಕಮಲಾಪುರದ ಸೀಮೆಯ ಬದುಕು ಈ ಗಿರಣಿ ಬದುಕಿಗೆ ವ್ಯತಿರಿಕ್ತ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೆಂಪು ಬಾಳೆ, ತೊಗರಿ, ಜೋಳಗಳ ಈ ಪ್ರದೇಶದಲ್ಲಿ ಕುಟುಂಬವೇ ಕೆಲಸದ ಘಟಕ. ಎಳ್ಳ ಅಮಾವಾಸ್ಯೆಯಂದು ಭಜ್ಜಿ, ಸಜ್ಜೆರೊಟ್ಟಿಗಳ ಬುತ್ತಿಯೊಡನೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬೆಳೆಗೆ ನೈವೇದ್ಯವಾಗಿ ಚರಗ ಚೆಲ್ಲುವರು. ಗಿರಣಿಯಾದರೋ ದುಡಿಯುವವನನ್ನು ಮಾತ್ರ ಒಳಗೆ ಬಿಟ್ಟುಕೊಂಡು, ಅವನ ಮನೆಯನ್ನು ಬಾಗಿಲ ಹೊರಗೆ ನಿಲ್ಲಿಸಿತು.

ರೋಗಗ್ರಸ್ತ ಜವಳಿ ಉದ್ಯಮಗಳ 1974ರ ರಾಷ್ಟ್ರೀಕರಣದೊಡನೆ ಗಿರಣಿಯು ರಾಷ್ಟ್ರೀಯ ಜವಳಿ ನಿಗಮಕ್ಕೆ ಸೇರಿತು. ಆ ಶತಮಾನ ಮುಗಿಯುವುದರೊಳಗೆ ಮಗ್ಗಗಳು ನಿಂತವು. ಗಿರಣಿಯ ಹೆಸರಿನ ಆದ್ಯಕ್ಷರಗಳಿಂದಾದ ಎಂ.ಎಸ್.ಕೆ. ಮಿಲ್ ಎಂಬುದು ಈಗ ಬಡಾವಣೆಯ ಹೆಸರು. ಅಲ್ಲಿನ ವೃದ್ಧರ ಬಾಯಿಮಾತನ್ನು ಸಕಾಲದಲ್ಲಿ ಬರೆದಿಡುವುದು ಗುಲಬರ್ಗಾ ವಿಶ್ವವಿದ್ಯಾಲಯದ ವಿದ್ವಾಂಸರು ಕೈಗೊಳ್ಳತಕ್ಕ ಕೆಲಸ.